ಮರಕ್ಕೆ ವರ್ಷ ಬರೆಯುವ ದೆಲ್ಮೀರಾ

ಮೊದಲು ಕೊಡಲಿಯ ಸದ್ದು, ಆಮೇಲೆ ಬೆಳಕು. ವಾಲ್ ದ ಮುರ್ತಾ ಊರಿನ ಮೇಲಿನ ಇಳಿಜಾರಿನಲ್ಲಿ ಯಾರೋ ಮುಚ್ಚಿದ ಬಾಗಿಲನ್ನು ಬಡಿದ ಹಾಗೆ ಒಂದು ಟೊಳ್ಳು ಸದ್ದು, ಅದರ ಬೆನ್ನಿಗೇ ಇನ್ನೊಂದು. ಹಾಗೆ ಟೊಳ್ಳಾಗಿ ಕೇಳಿಸಿದರೆ ಕಾರ್ಕ್ ಮರ ತನ್ನ ತೊಗಟೆಯನ್ನು ಬಿಟ್ಟುಕೊಡಲು ಒಪ್ಪಿದೆ ಎಂದು ಅರ್ಥ. ಮೊಟಕಾಗಿ, ಗಟ್ಟಿಯಾಗಿ ಕೇಳಿಸಿದರೆ ಕೊಡಲಿಯವರು ಮರುಮಾತಿಲ್ಲದೆ ಮುಂದಿನ ಮರಕ್ಕೆ ಹೋಗುತ್ತಾರೆ. ಇವತ್ತು ಬೆಟ್ಟ ಒಪ್ಪಿದೆ. ಹೊಸ ಬಟ್ಟೆ ಹರಿದಂತೆ ಸದ್ದಾಗಿ, ಆಳುದ್ದದ ತೊಗಟೆ ಬಾಗಿದ ಹಲಗೆಯಾಗಿ ಕಳಚಿ ಬರುತ್ತದೆ. ಒಳಗಿನ ಕಾಂಡ ಆ ಗಳಿಗೆಯಲ್ಲಿ ಹಸುಗೂಸಿನ ಅಂಗಾಲಿನ ಬಣ್ಣ. ಮಧ್ಯಾಹ್ನದ ಹೊತ್ತಿಗೆ ಅದು ಕಾವಿಗೆ ತಿರುಗುತ್ತದೆ.

ಕೊಡಲಿಯವರು ಸರಿದ ಮೇಲೆ ಅಲ್ಲಿಗೆ ಬರುವವರು ದೆಲ್ಮೀರಾ ಗೆರೈರು. ಎಡಗೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಬಲ ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡ ಕುಂಚ, ತಲೆಗೆ ಚೌಕ, ಅದರ ಮೇಲೊಂದು ಗಂಡಸರ ಟೋಪಿ. ದಿನದ ಮೊದಲ ಮರದ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಕಾಂಡದ ಹಸಿ ಆರುವವರೆಗೆ ಕಾಯುತ್ತಾರೆ. ಆಮೇಲೆ ಎದೆಯ ಎತ್ತರದಲ್ಲಿ, ಕಾಲುದಾರಿಗೆ ಮುಖಮಾಡಿ, ಒಂದೇ ಒಂದು ಅಂಕಿ ಬರೆಯುತ್ತಾರೆ: ಐದು. ಎರಡು ಸಾವಿರದ ಇಪ್ಪತ್ತೈದರ ಕೊನೆಯ ಅಂಕಿ. ಇಷ್ಟಾದ ಮೇಲೆ ಸೊಂಟದ ಚೀಲದಿಂದ ಫೋನ್ ಹೊರಗೆ ಬರುತ್ತದೆ.

"ಅತ್ತೇ, ಏಳಮ್ಮ," ಎಂದು ಅದರ ಗಾಜನ್ನು ಹೆಬ್ಬೆರಳಿಂದ ಒರೆಸುತ್ತಾರೆ. "ಬೆಳಗಾಯ್ತು. ಕೇಳೋದೆಲ್ಲ ಕೇಳಿಬಿಡು."

ಅತ್ತೆ ಕೇಳುತ್ತಾಳೆ. ಯಾವ ಮರ, ಎಲ್ಲಿದೆ, ಹಿಂದಿನ ಸಲ ತೊಗಟೆ ತೆಗೆದದ್ದು ಯಾವಾಗ, ಇವತ್ತು ತೆಗೆದವರು ಯಾರು. ಫೋನು ಆಕಾಶದಿಂದ ಮರದ ಜಾಗ ಹಿಡಿದು, ಅಂಕಿಯ ಚಿತ್ರ ತೆಗೆದು, ಎಲ್ಲವನ್ನೂ ಎಲ್ಲಿಗೋ ಕಳಿಸುತ್ತದೆ. ಅದಕ್ಕೆ ಅತ್ತೆ ಎಂದು ಹೆಸರಿಟ್ಟವರು ತಂಡದ ಹಿರಿಯ ಕೊಡಲಿಗಾರ ಝೆಫೆರಿನು. ಯಾರು ಮುಟ್ಟಿದರು, ಯಾವಾಗ ಮುಟ್ಟಿದರು, ಯಾಕೆ ಮುಟ್ಟಿದರು ಎಂದು ಕೂತಲ್ಲೇ ಲೆಕ್ಕ ಕೇಳುವುದು ತನ್ನ ಹೆಂಡತಿಯ ತಾಯಿ ಬಿಟ್ಟರೆ ಈ ಯಂತ್ರವೊಂದೇ ಎಂದು ಅವರ ವಿವರಣೆ. ಈಗ ಸಹಕಾರ ಸಂಘದ ಸಭೆಯಲ್ಲೂ ಅದಕ್ಕೆ ಅದೇ ಹೆಸರು.

ದೆಲ್ಮೀರಾ ಇದೇ ಬೆಟ್ಟದ ಮಗಳು. ಅಪ್ಪ ಜಸಿಂತು ಕೊಡಲಿಗಾರ. ನಾಲ್ಕನೆಯ ತರಗತಿ ಮುಗಿದ ಬೇಸಿಗೆಯಲ್ಲೇ ಆಕೆ ನೀರಿನ ಕೊಡ ಹೊತ್ತು ತಂಡದ ಹಿಂದೆ ಹತ್ತಿದರು. ಆಮೇಲೆ ಬಹಳ ವರ್ಷ ಬಿದ್ದ ಹಲಗೆಗಳನ್ನು ಆರಿಸಿ ಹೇಸರಗತ್ತೆಯ ಮೇಲೆ ಹೇರುವ ಕೆಲಸ. ಅಪ್ಪ ವಯಸ್ಸಾಗಿ ಕೊಡಲಿ ಕೆಳಗಿಟ್ಟ ಮೇಲೆ ತಾವೇ ಕುಂಚ ಹಿಡಿದರು, ಕೈ ನಡುಗತೊಡಗಿದಾಗ ಅದನ್ನು ಮಗಳಿಗೆ ಕೊಟ್ಟರು. ಆಕೆಯ ಸೊನ್ನೆಯ ನೆತ್ತಿಯಲ್ಲಿ ಇಂದಿಗೂ ಒಂದು ಸಣ್ಣ ಬಾಲವಿದೆ. ಅಪ್ಪನ ಸೊನ್ನೆಗೂ ಇತ್ತು.

ಬೆಟ್ಟದ ಕೆಲಸ ಮೇ ಕೊನೆಯಿಂದ ಆಗಸ್ಟಿನವರೆಗೆ ಮಾತ್ರ. ಮುಳ್ಳುಪೊದೆ, ಉಣ್ಣೆ, ಕಾಲ ಕೆಳಗೆ ಜಾರುವ ಸೀಳುಕಲ್ಲು, ಹತ್ತು ಗಂಟೆಗೇ ಬೆಂಕಿಯಾಗುವ ಬಿಸಿಲು. ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಮನೆಯಿಂದ ಹೊರಡುತ್ತಾರೆ. ಉಳಿದ ತಿಂಗಳುಗಳಲ್ಲಿ ಆಲಿವ್ ಬಿಡಿಸುವುದು, ಸಾರಾಯಿ ಭಟ್ಟಿಗೆ ಕಾಡುಹಣ್ಣು ಆರಿಸುವುದು. ಗಂಡ ಅಬೀಲಿಯು ಊರಿನ ಶಾಲಾ ಬಸ್ಸಿನ ಚಾಲಕ. ಹೆಂಡತಿಗೆ ಪ್ರತಿ ವರ್ಷ ಹೊಸ ಅಂಕಿ ಸಿಗುತ್ತದೆ, ತನಗೆ ಮಾತ್ರ ಅದೇ ಹಳೆಯ ಬಸ್ಸು ಎಂದು ಆತನ ದೂರು.

ಮರದ ಮೇಲಿನ ಅಂಕಿಗೆ ಇಲ್ಲಿ ಕಾನೂನಿನ ತೂಕವಿದೆ. ಒಮ್ಮೆ ತೊಗಟೆ ತೆಗೆದರೆ ಮತ್ತೆ ಒಂಬತ್ತು ವರ್ಷ ಆ ಮರವನ್ನು ಮುಟ್ಟುವಂತಿಲ್ಲ. ಅವಸರಪಟ್ಟರೆ ಮರ ಸೊರಗುತ್ತದೆ. ಕೆಲವು ಸಾಯುತ್ತವೆ, ಅದೂ ಕೂಡಲೇ ಅಲ್ಲ, ಮೂರು ನಾಲ್ಕು ಬೇಸಿಗೆ ಎಳೆದಾಡಿ. ಇಂದು ಐದು ಬರೆಯುವ ಕೈಗೂ ಅದನ್ನು ಓದುವ ಕಣ್ಣಿಗೂ ನಡುವೆ ಒಂಬತ್ತು ಮಳೆಗಾಲವಿದೆ. ಅಷ್ಟರಲ್ಲಿ ಕೊಡಲಿ ಕೈ ಬದಲಾಗಿರಬಹುದು, ಜಮೀನು ಕೈ ಬದಲಾಗಿರಬಹುದು.

"ಕೊಡಲಿಯವರು ಮರದ ಹತ್ರ ಮಾತಾಡ್ತಾರೆ," ಎನ್ನುತ್ತಾರೆ ದೆಲ್ಮೀರಾ. "ನಾನು ಮುಂದೆ ಬರೋನ ಹತ್ರ ಮಾತಾಡ್ತೀನಿ. ಅವನ ಮುಖ ನನಗೆ ಗೊತ್ತಿಲ್ಲ. ಅದಕ್ಕೇ ಬಿಡಿಸಿ ಬರೀಬೇಕು."

ಮೂರು ವರ್ಷದಿಂದ ಆಕೆ ಇನ್ನೊಬ್ಬ ಅಪರಿಚಿತರ ಹತ್ತಿರವೂ ಮಾತಾಡುತ್ತಿದ್ದಾರೆ. ಈ ಬೆಟ್ಟದ ತೊಗಟೆ ಕುದಿದು, ಕೊರೆದು, ಬಿರಡೆಯಾಗಿ ದೂರದೂರದ ದೇಶಗಳ ಸೀಸೆಗಳ ಬಾಯಿಗೆ ಹೋಗುತ್ತದೆ. ಕಾಡು ಕೆಡಿಸಿ ತಂದ ಸರಕು ನಮಗೆ ಬೇಡ ಎಂದು ಕೊಳ್ಳುವ ದೇಶಗಳು ಹೇಳತೊಡಗಿದ ಮೇಲೆ ತೊಗಟೆಯ ಪ್ರತಿ ಕಟ್ಟಿಗೂ ಹುಟ್ಟಿದ ಜಾಗದ ಸಾಕ್ಷಿ ಬೇಕಾಯಿತು. ಕಟ್ಟಿನ ಮೇಲಿನ ಚೌಕಳಿ ಗುರುತಿಗೆ ಫೋನ್ ಹಿಡಿದರೆ ಯಾವ ಬೆಟ್ಟ, ಯಾವ ಮರಗಳು, ಯಾವ ವರ್ಷ ಎಂಬುದೆಲ್ಲ ಕಾಣಬೇಕು. ಪರದೆಯ ಮೇಲೆ ಹಸಿರು ಬಂದರೆ ಸರಕು ಬಂದರು ದಾಟುತ್ತದೆ. ಕೆಂಪು ಬಂದರೆ ಅಂಗಳದಲ್ಲೇ ಬಿದ್ದಿರುತ್ತದೆ. ಸಂಘ ಈ ವ್ಯವಸ್ಥೆಗೆ ಸೇರಿದ ಚಳಿಗಾಲದಲ್ಲಿ ದೆಲ್ಮೀರಾ ಬೆಟ್ಟವನ್ನೆಲ್ಲ ಇನ್ನೊಮ್ಮೆ ನಡೆದು, ಮರಮರದ ಹಳೆಯ ಅಂಕಿಗಳನ್ನು ಫೋನಿಗೆ ಒಪ್ಪಿಸಿದರು.

ಬೆಳಗಿನ ಬ್ರೆಡ್ಡು, ಹಂದಿಮಾಂಸದ ತುಂಡು, ತಣ್ಣನೆ ಟೊಮೇಟೊ ಸಾರಿನ ಹೊತ್ತಿಗೆ ತಂಡ ನೆರಳಿನಲ್ಲಿ ಕೂರುತ್ತದೆ. ಝೆಫೆರಿನು ಕೈಗೆ ಚಾಕು ತೆಗೆದುಕೊಂಡು, ಕಣ್ಣು ಮುಚ್ಚಿ, ಅಲ್ಲೇ ಪದ ಕಟ್ಟುತ್ತಾರೆ. ಅವರಪ್ಪನೂ ಹೀಗೆಯೇ ಬಾಯಲ್ಲಿ ಪದ ಕಟ್ಟುತ್ತಿದ್ದವರು. ಬರೆದಿಟ್ಟದ್ದು ಒಂದೂ ಇಲ್ಲ.

ಅತ್ತೆ ಬಂದಳು ಬೆಟ್ಟಕೆ, ಕಾಲಿಲ್ಲ ನಡೆಯಲು,
ಹೊತ್ತು ತಿರುಗುವ ಸೊಸೆ ಇದ್ದಾಳೆ ಹತ್ತಲು ಇಳಿಯಲು;
ಎತ್ತ ನಿಂತರೂ ಕೇಳುತಾಳೆ ಯಾವ ಮರ, ಯಾವ ವರ್ಷ,
ಸತ್ತ ಮೇಲೂ ಕೇಳಿಯಾಳು, ಗೋರಿ ಯಾವ ಸಾಲು.

ಎಲ್ಲರೂ ನಗುತ್ತಾರೆ, ದೆಲ್ಮೀರಾ ಹೆಚ್ಚು ನಗುತ್ತಾರೆ. ಕಳೆದ ಬೇಸಿಗೆಯಲ್ಲಿ ಈ ನೆರಳಿನಲ್ಲಿ ನಗು ಇರಲಿಲ್ಲ. ಝೆಫೆರಿನು ಆಕೆಯ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಧರ್ಮಪಿತ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಆ ನಂಟಿನ ಹೆಸರಿನಿಂದ ಕೊಂಪಾದ್ರೆ, ಕೊಮಾದ್ರೆ ಎಂದೇ ಕರೆಯುತ್ತಾರೆ. ಅಂಥ ಇಬ್ಬರು ಒಂದು ಇಡೀ ಆಗಸ್ಟ್ ಮಾತಿಲ್ಲದೆ ಒಂದೇ ಬೆಟ್ಟ ಹತ್ತಿ ಇಳಿದರು. ಅದಕ್ಕೆ ಕಾರಣ ಎರಡು ಅಂಕಿಯ ಮರಗಳು.

ಈ ಕಡೆ ದೊಡ್ಡ ಮರಗಳ ತೊಗಟೆಯನ್ನು ಒಂದೇ ಸಲ ಪೂರ್ತಿ ತೆಗೆಯುವುದಿಲ್ಲ. ಒಂದು ವರ್ಷ ಕಾಂಡ, ಇನ್ನೊಂದು ವರ್ಷ ಮೇಲಿನ ಕೊಂಬೆಗಳು. ಮರಕ್ಕೆ ಪೂರ್ತಿ ಬತ್ತಲಾದ ದಣಿವಿಲ್ಲ, ಮನೆಗೆ ನಡುವೆ ಒಂದಿಷ್ಟು ಫಸಲು. ಹೀಗಾಗಿ ಒಂದೇ ಮರಕ್ಕೆ ಎದೆಯ ಮಟ್ಟದಲ್ಲಿ ಒಂದು ಅಂಕಿ, ಕವಲಿನ ಮೇಲೆ ಇನ್ನೊಂದು. ಕಾಂಡ ಕೊಂಬೆಗಳಿಗೆ ಬೇರೆ ಬೇರೆ ಒಂಬತ್ತು ವರ್ಷ. ಕಳೆದ ವರ್ಷ ಬೆಟ್ಟದ ಪೂರ್ವದ ಮಗ್ಗುಲಲ್ಲಿ ಅಂಥ ಮರಗಳ ಕೊಂಬೆಯ ಸರದಿ ಬಂದಿತ್ತು. ಮೇಲೆ ಎರಡು ಸಾವಿರದ ಹದಿನೈದರ ಐದು, ಕೆಳಗೆ ಇಪ್ಪತ್ತರ ಸೊನ್ನೆ. ಕೊಂಬೆಗೆ ಒಂಬತ್ತು ತುಂಬಿತ್ತು, ಕಾಂಡಕ್ಕೆ ಇನ್ನೂ ನಾಲ್ಕೇ. ತಂಡ ಕೊಂಬೆಯ ತೊಗಟೆ ತೆಗೆಯಿತು, ದೆಲ್ಮೀರಾ ಅಲ್ಲಿ ನಾಲ್ಕು ಬರೆದರು, ಫೋನಿಗೆ ಹೇಳಿದರು.

ಅತ್ತೆಗೆ ಮರವೆಂದರೆ ಒಂದು ಮರ. ಇಪ್ಪತ್ತರಲ್ಲಿ ತೊಗಟೆ ತೆಗೆದ ಮರಕ್ಕೆ ಇಪ್ಪತ್ತನಾಲ್ಕರಲ್ಲಿ ಮತ್ತೆ ಕೊಡಲಿ ಹಾಕಿದ್ದೀರಿ ಎಂದು ಆ ಮಗ್ಗುಲಿನ ರಾಶಿಗೆಲ್ಲ ಕೆಂಪು ಬಳಿದಳು. ಹೊರೆ ಒಯ್ಯಲು ಬಂದ ಲಾರಿ ಖಾಲಿ ಹೋಯಿತು. ಹನ್ನೆರಡು ಮನೆಗಳ ವರ್ಷದ ಫಸಲು ಸಂಘದ ಅಂಗಳದಲ್ಲಿ ಉಳಿಯಿತು.

ಸಂಘದ ಕಚೇರಿಯಲ್ಲಿ ಈ ವ್ಯವಸ್ಥೆ ನೋಡಿಕೊಳ್ಳುವವಳು ನೇಲಿಯಾ ವಿಯೇಗಸ್. ಪಕ್ಕದ ಕಣಿವೆಯ ಹುಡುಗಿ, ಅರಣ್ಯಶಾಸ್ತ್ರ ಓದಿ ಊರಿಗೇ ಮರಳಿದವಳು. ಮೂರು ದಿನ ಫೋನಿನಲ್ಲಿ ಅವರಿವರನ್ನು ಬೇಡಿ ಸೋತು, ಬೆಟ್ಟ ಹತ್ತಿ ಬಂದು ಒಂದು ಉಪಾಯ ಹೇಳಿದಳು. ಕೆಳಗಿನ ಸೊನ್ನೆಗಳ ಮೇಲೆ ಮಣ್ಣಿನ ಬಣ್ಣ ಬಳಿದುಬಿಡೋಣ. ಒಂದು ಮರ, ಒಂದು ಅಂಕಿ. ಹಳೆಯ ಸೊನ್ನೆ ತಪ್ಪಾಗಿ ದಾಖಲಾಗಿತ್ತು ಎಂದು ಹೊಸ ಚಿತ್ರ ಕಳಿಸಿದರೆ ಸಂಜೆಗೆ ಹಸಿರು. ಝೆಫೆರಿನು ಆಗಲೇ ಬಣ್ಣ ಕಲಸಲು ಕೋಲು ಹುಡುಕುತ್ತಿದ್ದರಂತೆ.

ದೆಲ್ಮೀರಾ ಡಬ್ಬಿಯ ಮುಚ್ಚಳ ಹಾಕಿದರು. ಆಕೆ ಅಂದು ಹೇಳಿದ್ದನ್ನು ನೇಲಿಯಾ ಈಗಲೂ ಅದೇ ದನಿಯಲ್ಲಿ ಹೇಳಿ ತೋರಿಸುತ್ತಾಳೆ: "ಮಗಳೇ, ಅಂಕಿ ಇಲ್ಲದ ಕಾಂಡ ಅಂದ್ರೆ ಯಾರು ಬೇಕಾದ್ರೂ ಊಹೆ ಮಾಡೋ ಕಾಂಡ. ನಿನ್ನ ಪರದೆ ಸಂಜೆಗೆ ಹಸಿರಾಗತ್ತೆ. ಮರ ಯಾವಾಗ ಒಣಗತ್ತೆ ಅಂತ ಯಾರಿಗೆ ಗೊತ್ತು?"

ನೇಲಿಯಾ ಒಂದು ಹಲಗೆಯನ್ನು ಅಡ್ಡ ಹಿಡಿದು ಅದರ ಅಂಚು ನೋಡಿದಳು. ತೊಗಟೆ ವರ್ಷಕ್ಕೊಂದು ಗೆರೆ ಬೆಳೆಯುತ್ತದೆ. ಅಂಚಿನಲ್ಲಿ ಆ ಗೆರೆಗಳು ಪುಸ್ತಕದ ಹಾಳೆಗಳ ಹಾಗೆ ಕಾಣುತ್ತವೆ. ಪ್ರತಿ ಮರದ ಹಲಗೆಗಳಿಗೂ ಮರದ ಚೀಟಿ ಇದ್ದೇ ಇತ್ತು. ಎರಡು ಅಂಕಿಯ ಮರಗಳಿಂದ ಒಂದೊಂದು ಹಲಗೆ ತೆಗೆದು, ಅಂಚಿನ ಚಿತ್ರ ಕಳಿಸುತ್ತೇವೆ, ಒಂಬತ್ತು ಗೆರೆ ನೀವೇ ಎಣಿಸಿಕೊಳ್ಳಿ ಎಂದು ವ್ಯವಸ್ಥೆಯ ಅಧಿಕಾರಿಯನ್ನು ಕೇಳಿದಳು. ದೂರದ ನಗರದಲ್ಲಿ ಕೂತ ಆ ಹೆಂಗಸಿಗೆ ಕುತೂಹಲವಾಯಿತು. ಕೊಂಬೆಗೂ ಕಾಂಡಕ್ಕೂ ಬೇರೆ ವಯಸ್ಸು ಎಂಬುದನ್ನು ತಮಗೆ ಯಾರೂ ಹೇಳಿರಲಿಲ್ಲ, ಕಳಿಸಿ ಎಂದರು.

ಹೆಂಗಸರಿಬ್ಬರೂ ಅಂಗಳದ ರಾಶಿಯನ್ನು ಒಂದೊಂದೇ ಹಲಗೆಯಾಗಿ ತಿರುವಿ ಹಾಕತೊಡಗಿದರು. ನೇಲಿಯಾ ಆ ಕಡೆ, ದೆಲ್ಮೀರಾ ಈ ಕಡೆ. ಕೊಂಬೆಯ ಹಲಗೆ ಕಿರಿದು, ಹೆಚ್ಚು ಬಾಗಿದ್ದು, ಬೆನ್ನಿನ ಮೇಲೆ ಮಾಸಿದ ಐದು. ಹಾಗೆ ತಿರುವುವಾಗ ಒಂದು ಅಗಲದ ಹಲಗೆ ಕೈಗೆ ಬಂತು. ಕಾಂಡದ್ದು. ತೆಳ್ಳಗಿತ್ತು. ಬೆನ್ನು ನೋಡಿದರೆ ಬಿಳಿಯ ಸೊನ್ನೆ, ನೆತ್ತಿಯಲ್ಲಿ ಸಣ್ಣ ಬಾಲ.

"ಆಗ ನನಗೆ ಕುಟುಕೋ ಕಣಜದ ಹುಳ ನೆನಪಾಯ್ತು," ಎನ್ನುತ್ತಾರೆ ದೆಲ್ಮೀರಾ.

ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಆ ಮರದ ದಾರಿಯ ಕಡೆಗೆ, ಬೇರಿನ ಪಕ್ಕದಲ್ಲೇ ಕಣಜಗಳು ಗೂಡು ಕಟ್ಟಿದ್ದವು. ಅಂಕಿ ಯಾವಾಗಲೂ ದಾರಿಗೆ ಮುಖಮಾಡಿರಬೇಕು, ಅದು ಅಪ್ಪ ಕಲಿಸಿದ ಮೊದಲ ಪಾಠ. ಅಂದು ಹುಳಗಳಿಗೆ ಹೆದರಿ ಆಕೆ ಇಳಿಜಾರಿನ ಕಡೆಯಿಂದ ಹೋಗಿ, ಹಿಂಬದಿಗೆ ಸೊನ್ನೆ ಬರೆದು ಬಂದಿದ್ದರು. ಗೂಡು ಹೋದ ಮೇಲೆ ಬಂದು ಸರಿಮಾಡುತ್ತೇನೆ ಎಂದುಕೊಂಡಿದ್ದರು. ಮರೆತರು; ಚಳಿಗಾಲದಲ್ಲಿ ಫೋನಿಗೆ ಆ ಸೊನ್ನೆ ಒಪ್ಪಿಸಿದ ದಿನವೂ ಕೈಯಲ್ಲಿ ಬಣ್ಣದ ಡಬ್ಬಿ ಇರಲಿಲ್ಲ. ನಾಲ್ಕು ವರ್ಷದಲ್ಲಿ ಪೊದೆ ಬೆಳೆದು ಆ ಸೊನ್ನೆಯನ್ನು ಮುಚ್ಚಿತು. ಕಳೆದ ಬೇಸಿಗೆ ದಾರಿಯಿಂದ ಹತ್ತಿ ಬಂದ ಝೆಫೆರಿನುಗೆ ಕಂಡದ್ದು ಕವಲಿನ ಐದು ಒಂದೇ. ಸದ್ದೂ ಟೊಳ್ಳಾಗಿತ್ತು, ರಸ ಏರಿದ ಮರ ಹಾಗೇ ಕೇಳಿಸುತ್ತದೆ. ಮೇಲಿಂದ ಕೆಳಗಿನವರೆಗೂ ತೆಗೆದುಬಿಟ್ಟರು. ಹಿಂದೆ ಬಂದ ದೆಲ್ಮೀರಾ, ಹಲಗೆಗಳು ಆಗಲೇ ಹೇಸರಗತ್ತೆಯ ಬೆನ್ನೇರಿದ್ದರಿಂದ, ಬತ್ತಲೆ ಕಾಂಡದ ಮೇಲೆ ನಾಲ್ಕು ಬರೆದು ಮುಂದೆ ಹೋಗಿದ್ದರು.

ಮುರುಕು ತುಂಡುಗಳ ಗುಡ್ಡೆ ಒಂದು ತೋಳಿನಳತೆಯಲ್ಲಿತ್ತು. ಅಲ್ಲಿ ಎಸೆದಿದ್ದರೆ ಆ ಹಲಗೆ ಪುಡಿಯಾಗಿ ನೆಲಹಾಸಿಗೆ ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಆಕೆ ನೇಲಿಯಾಳನ್ನು ಕೂಗಿ ಕರೆದರು.

ನೇಲಿಯಾ ನೋಡಿದಳು, ಅವಳಿಗೂ ಅರ್ಥವಾಯಿತು. ಅವರು ಕೇಳಿರುವುದು ಮರಕ್ಕೊಂದು ಹಲಗೆ ಮಾತ್ರ, ಈ ಮರದ ಕೊಂಬೆಯದೂ ಇದೆ, ಅದರಲ್ಲಿ ಒಂಬತ್ತು ಗೆರೆಯೂ ಇದೆ ಎಂದು ಮೆಲ್ಲನೆ ಹೇಳಿದಳು. ಒಪ್ಪಿಕೊಂಡರೆ ಇಡೀ ರಾಶಿಯನ್ನೇ ಅವರು ನಂಬದೆ ಹೋಗಬಹುದು ಎಂದೂ ಹೇಳಿದಳು. ಅದು ಸುಳ್ಳಾಗಿರಲಿಲ್ಲ. ಹನ್ನೆರಡು ಮನೆಯವರ ಫಸಲು ಆ ತೆಳ್ಳನೆ ಹಲಗೆಯ ಮೇಲೆ ಕೂತಿತ್ತು.

"ಮಿಕ್ಕ ಮರದ ವಿಷಯದಲ್ಲಿ ಅತ್ತೆ ತಪ್ಪು," ಎಂದರು ದೆಲ್ಮೀರಾ. "ಅದನ್ನ ಗಟ್ಟಿಯಾಗಿ ಹೇಳ್ತಾ ಇದ್ದೀವಿ. ಇದೊಂದರಲ್ಲಿ ಅವಳೇ ಸರಿ. ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳದಿದ್ರೆ ಹೇಗೆ, ಮಗಳೇ?"

ನೇಲಿಯಾ ಎಲ್ಲ ಚಿತ್ರಗಳ ಕೊನೆಗೆ ಆ ಹಲಗೆಯ ಚಿತ್ರವನ್ನೂ ಸೇರಿಸಿ, ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದಳು.

ಸುದ್ದಿ ತಿಳಿದ ಝೆಫೆರಿನು ಬೆಟ್ಟದಿಂದ ನೇರ ಅಂಗಳಕ್ಕೆ ಬಂದರು. ಆ ಮರಕ್ಕೆ ಕೊಡಲಿ ಹಾಕಿದವರೆಂದು ದಾಖಲಾದ ಹೆಸರು ಅವರದು. ಈ ಬೆಟ್ಟದಲ್ಲಿ ಒಂದು ಮರಕ್ಕೂ ಗಾಯ ಮಾಡಿದವರಲ್ಲ ಎಂಬ ಮಾತನ್ನು ಇಡೀ ಬದುಕು ಹೊತ್ತು ನಡೆದವರು. ಅಂಗಳದಲ್ಲಿದ್ದವರೆಲ್ಲ ಕೇಳುವ ಹಾಗೆ, ಆದರೆ ದನಿ ಏರಿಸದೆ ಅಂದರಂತೆ: "ಅಂಕಿ ನಿಂದು, ಕೊಡಲಿ ನಂದು, ಕೊಮಾದ್ರೆ. ನಿಂದು ನೀನು ಹೇಳ್ಕೊ. ನಂದು ಹೇಳೋ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದು ದೆಲ್ಮೀರಾ ಈಗ ಒಪ್ಪುತ್ತಾರೆ. "ಕೇಳಿದ್ರೆ ಬೇಡ ಅಂದುಬಿಡ್ತಾರೇನೋ ಅಂತ ಹೆದರಿಕೆ ಆಯ್ತು."

ಉತ್ತರ ಬರಲು ವಾರ ಕಳೆಯಿತು. ಪ್ರತಿ ಸಂಜೆ ಆ ಹನ್ನೆರಡು ಮನೆಗಳಲ್ಲಿ ಒಬ್ಬರಾದರೂ ಏನೋ ನೆಪ ಮಾಡಿಕೊಂಡು ಕಚೇರಿಯ ಮುಂದೆ ಹಾದುಹೋಗುತ್ತಿದ್ದರು. ಕೊನೆಗೆ ಬಂದದ್ದು ಹಸಿರು. ಆ ಒಂದು ಮರದ ಕಾಂಡದ ಹಲಗೆಗಳನ್ನು ಮಾತ್ರ ಹೊರಗಿಡಬೇಕು, ಮುಂದಿನ ಹಂಗಾಮಿನಲ್ಲಿ ತಪಾಸಣೆಯವರು ಬಂದು ಬೆಟ್ಟ ನಡೆದು ನೋಡುತ್ತಾರೆ, ಇನ್ನೊಂದು ತಪ್ಪು ಸಿಕ್ಕರೆ ಸಂಘದ ಮನ್ನಣೆ ಹೋಗುತ್ತದೆ ಎಂಬ ಷರತ್ತಿನೊಂದಿಗೆ. ಚಳಿಗಾಲದಲ್ಲಿ ಅತ್ತೆಗೂ ಒಂದು ಬುದ್ಧಿ ಹೆಚ್ಚು ಬಂತು. ಈಗ ಪ್ರತಿ ಮರಕ್ಕೂ 'ಕೆಳಗೆ', 'ಮೇಲೆ' ಎಂದು ಎರಡು ಖಾನೆ ಕೇಳುತ್ತಾಳೆ. ಬೇರೆ ಬೆಟ್ಟಗಳ ಅಂಥ ಮರಗಳಿಗೂ ಅದೇ ಬಂದಿದೆಯಂತೆ. ಅದನ್ನು ಹೇಳುವಾಗ ನೇಲಿಯಾಳ ಮುಖ ನೋಡಬೇಕು.

ದೆಲ್ಮೀರಾ ಆ ಚಳಿಗಾಲ ಪರದೆ ನೋಡಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ, ಚರ್ಚಿಗೆ ಹೋದ ಉಡುಪಿನಲ್ಲೇ ಕಣಜದ ಮರದ ಹತ್ತಿರ ಹೋಗಿ ನಿಂತು ಬರುತ್ತಿದ್ದರು. ಅವಧಿಗೆ ಮುಂಚೆ ತೊಗಟೆ ಕಳೆದುಕೊಂಡ ಮರ ಮೊದಲು ಹೇಳುವುದು ತುದಿಯ ಕೊಂಬೆಗಳಲ್ಲಿ. ವಸಂತ ಬಂತು, ಸುತ್ತಲಿನ ಮರಗಳೆಲ್ಲ ಚಿಗುರಿದವು. ಅದರ ತುದಿ ಮಾತ್ರ ಬೋಳಾಗಿಯೇ ಇತ್ತು. ಈಸ್ಟರ್ ಹಬ್ಬ ಕಳೆಯಿತು. ಒಂದು ಭಾನುವಾರ ಆಕೆ ಹೋದಾಗ ಮರದ ಸುತ್ತ ದಾರಿಯವರೆಗೂ ಪೊದೆ ಕಡಿದು ನೆಲ ಹಸನಾಗಿತ್ತು. ಕೊಡಲಿಯ ಕಡಿತ ಒಂದೊಂದೂ ಓರೆಯಾಗಿ, ಒಂದೇ ಏಟಿನದು. ಹಾಗೆ ಕಡಿಯುವ ಕೈ ಊರಿನಲ್ಲಿ ಒಂದೇ. ಮರದ ಯಾವ ಬದಿಯ ಅಂಕಿಯೂ ಇನ್ನು ಮರೆಯಾಗುವಂತಿರಲಿಲ್ಲ.

ಮೇ ತಿಂಗಳಲ್ಲಿ ತಂಡ ಮತ್ತೆ ಸೇರಿದ ಮೊದಲ ಬೆಳಗ್ಗೆ ಝೆಫೆರಿನು ಆಕೆಯ ಬಣ್ಣದ ಡಬ್ಬಿಗಳನ್ನು ತೆಗೆದು ತಮ್ಮ ಹೇಸರಗತ್ತೆಯ ಚೀಲಕ್ಕೆ ಹಾಕಿಕೊಂಡರು. ಕಡಿದಾದ ತಿರುವಿನಲ್ಲಿ ಹಿಂತಿರುಗಿ, ನಿನ್ನ ಅತ್ತೆ ಚೆನ್ನಾಗಿದ್ದಾಳೇನು ಕೊಮಾದ್ರೆ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಈಗ ಸ್ವಲ್ಪ ಕಿವಿ ಕೇಳಿಸುತ್ತೆ ಎಂದು ಆಕೆ ಹೇಳಿದರು. ಹಗೆ ಮುಗಿದದ್ದು ಹೀಗೆ.

ತಪಾಸಣೆಯವರು ಕಳೆದ ತಿಂಗಳು ಬಂದಿದ್ದರು. ಬೆಟ್ಟವನ್ನು ತಮಗಿಷ್ಟ ಬಂದ ಕಡೆಯಿಂದ ಹತ್ತಿ, ಮರಗಳನ್ನು ತಾವೇ ಆರಿಸಿ, ಅಂಕಿಗಳನ್ನು ಪರದೆಯ ಜೊತೆ ಹೋಲಿಸಿ ನೋಡಿದರು. ಹೊಸ ತಪ್ಪು ಸಿಗಲಿಲ್ಲ. ಸಂಘದ ಮನ್ನಣೆ ಉಳಿಯಿತು, ಕುಂಚವೂ ದೆಲ್ಮೀರಾ ಕೈಯಲ್ಲೇ ಉಳಿಯಿತು.

ಬಿಸಿಲೇರಿದೆ, ಇವತ್ತಿನ ಕೆಲಸ ಮುಗಿಯುತ್ತಿದೆ. ಇಳಿಯುವ ದಾರಿಯಲ್ಲಿ ಕಣಜದ ಮರ ಸಿಗುತ್ತದೆ. ಕಾಂಡ ಈಗ ಹಳೆಯ ಹೆಂಚಿನ ಕೆಂಪು, ದಾರಿಯ ಕಡೆಗೆ ಬಿಳಿಯ ನಾಲ್ಕು. ಮೇ ಕೊನೆಯಲ್ಲಿ, ಎಲ್ಲ ಮರಗಳಿಗಿಂತ ತಡವಾಗಿ, ಅದು ಚಿಗುರಿತು. ಎಲೆ ಸಣ್ಣವು, ದಟ್ಟವಾಗಿಲ್ಲ, ತುದಿಯ ಒಂದು ಕೊಂಬೆ ಒಣಗಿಯೇ ಇದೆ. ದೆಲ್ಮೀರಾ ಕಾಂಡಕ್ಕೆ ಅಂಗೈ ಊರಿ ಮೇಲೆ ನೋಡುತ್ತಾರೆ, ಕಾಯಿಲೆ ಬಿದ್ದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಏನು ಆಸೆ ಎಂದು ಕೇಳಿದರೆ ಆಕೆ ಬಹಳ ಹೊತ್ತು ಯೋಚಿಸುವುದಿಲ್ಲ. "ಇದಕ್ಕೆ ಮತ್ತೆ ಸರದಿ ಬರೋದು ಮೂವತ್ತಮೂರರಲ್ಲಿ. ದೇವರು ಮನಸ್ಸು ಮಾಡಿದ್ರೆ ಇದೂ ಇರತ್ತೆ, ನಾನೂ ಇರ್ತೀನಿ. ಮೊಣಕಾಲು ಒಂದು ಒಪ್ಪಬೇಕು."

"ಒಪ್ಪದಿದ್ರೆ ನನ್ನ ಹೇಸರಗತ್ತೆ ಇದೆಯಲ್ಲ," ಎನ್ನುತ್ತಾರೆ ಮುಂದೆ ಇಳಿಯುತ್ತಿರುವ ಝೆಫೆರಿನು, ಹಿಂತಿರುಗದೆ. "ಅದೂ ನಿನ್ನ ಹಾಗೇ, ವಯಸ್ಸಾದಷ್ಟೂ ಹಟ."

ದೆಲ್ಮೀರಾ ಕುಂಚವನ್ನು ಹುಲ್ಲಿಗೆ ಒರೆಸಿ, ದಾರ ಬಿಚ್ಚಿ, ಜೋಪಾನವಾಗಿ ಸುತ್ತಿ ಇಟ್ಟುಕೊಳ್ಳುತ್ತಾರೆ.

"ಆ ವರ್ಷದ ಅಂಕಿ ಮೂರು," ಎನ್ನುತ್ತಾರೆ. "ಮೂರು ಬರೆಯೋದ್ರಲ್ಲಿ ನನ್ನ ಕೈ ಚೆನ್ನ."